ಎಡಗಡೆಯ ಹಿಂದಿನ ಚಕ್ರ

ಮಾರ್ಚ್ 4

ಅತ್ತೆಯವರಿಗೆ ನಮಸ್ಕಾರ.

ನಾನು ಇದ್ದೇನೆ, ಮನೆಯೂ ಇದೆ. ನೀವು ಮಗಳ ಮನೆಗೆಂದು ಹೋಗಿ ಎರಡು ವರ್ಷ ದಾಟಿತು. ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಮೆಸೇಜು ಕಳಿಸಿದರೆ ನಾದಿನಿಯ ಮನೆಯವರೆಲ್ಲ ಓದಿ, ನಕ್ಕು, ಆಮೇಲೆ ನಿಮಗೆ ತೋರಿಸುತ್ತಾರೆ. ಹಾಗಾಗಿ ಈ ಸಲವೂ ಕಾಗದವೇ.

ನಿಮ್ಮ ಕೋಣೆಯನ್ನು ವಾರಕ್ಕೊಮ್ಮೆ ಗುಡಿಸುತ್ತೇನೆ. ಇವರ ಅಂಗಿಗಳಿಗೆ ನುಸಿಗುಳಿಗೆ ಇಟ್ಟಿದ್ದೇನೆ. ಗಾಡಿಯನ್ನು ನೀವು ಹೇಳಿಹೋದಂತೆ ಭಾನುವಾರ ತಪ್ಪದೆ ತೊಳೆಯುತ್ತೇನೆ, ಪೈಪು ಹಿಡಿದು ಚಕ್ರದ ಸಂದಿಗಳವರೆಗೂ. ತೊಳೆದಾದ ಮೇಲೆ ಹ್ಯಾಂಡ್ ಬ್ರೇಕನ್ನು ಇನ್ನೊಂದು ಸಲ ಮೇಲೆಳೆದು ಬಾಗಿಲು ಹಾಕುತ್ತೇನೆ. ಅಂಗಳ ಇಳಿಜಾರಲ್ಲವೇ, ಭಯ. ಬೀದಿಯಲ್ಲಿ ಹೋಗುವವರು ಹೊಸ ಗಾಡಿಯೇ ಎಂದು ಕೇಳುತ್ತಾರೆ.

ಈಗ ಕೇಳಬೇಕಾದ್ದು. ಲ್ಯಾಬಿನಲ್ಲಿ ನಾನು ಗಾಜಿನ ಕೊಳವೆಗಳನ್ನು ತೊಳೆಯುವ ಕೆಲಸ ಮುಗಿಯಲಿದೆ. ಮೇ ತಿಂಗಳಿಂದ ಎಲ್ಲ ಪ್ಲಾಸ್ಟಿಕ್ಕಿನದು ಬರುತ್ತದಂತೆ, ಒಮ್ಮೆ ಬಳಸಿ ಬಿಸಾಡುವಂಥದ್ದು. ತೊಳೆಯುವವರು ಬೇಡ. ಅದೇ ಹೊತ್ತಿಗೆ, ಸುತ್ತಲಿನ ದವಾಖಾನೆಗಳಿಂದ ರಕ್ತದ ಮಾದರಿ ತರುವ ಡ್ರೈವರ್ ಕೆಲಸ ಬಿಡುತ್ತಿದ್ದಾನೆ. ಮೇಲ್ವಿಚಾರಕಿ ನನ್ನನ್ನು ಕರೆದು, "ನಿಂಗೆ ಗಾಡಿ ಓಡ್ಸೋಕೆ ಬರುತ್ತಲ್ವಾ? ಸ್ವಂತ ಗಾಡಿ ಇದ್ರೆ ಮೇ ಒಂದರಿಂದ ನೀನೇ ಬಾ. ಇಲ್ದಿದ್ರೆ ಬೇರೆಯವ್ರನ್ನ ನೋಡ್ತೀನಿ" ಅಂದರು.

ಓಡಿಸಲು ಕಲಿಸಿದವರು ನೀವೇ. ಲೈಸೆನ್ಸೂ ಇದೆ. ಗಾಡಿಯೂ ಅಂಗಳದಲ್ಲೇ ಇದೆ. ನೀವು ಹೂಂ ಅಂದರೆ ಆಯಿತು. ಈ ಕೆಲಸ ಸಿಗದಿದ್ದರೆ ನಾನು ಈ ಮನೆಗೆ ಬೀಗ ಹಾಕಿ ಅಣ್ಣನ ಮನೆಯ ಮೂಲೆ ಸೇರಬೇಕು. ಅಲ್ಲಿ ಅತ್ತಿಗೆ ನನಗೆ ಊಟಕ್ಕೆ ಬಡಿಸುವಾಗ ಸೌಟು ಹೇಗೆ ಸದ್ದು ಮಾಡುತ್ತದೆ ಎಂದು ನಿಮಗೆ ಗೊತ್ತಿಲ್ಲ.

ಇವರಿಂದ ನಿಮಗೆ ಕಾಗದ ಬಂತೇ? ಬರೆಯುವುದಾದರೆ ನಿಮಗೇ ಬರೆಯುತ್ತಾರೆ ಅಂತ ಕೇಳಿದೆ.

ನಿಮ್ಮ ಸೊಸೆ


ಮಾರ್ಚ್ 13

ಪಿಸುಮಾತಿನ ಸೊಸೆಗೆ,

ಬಾಯಲ್ಲಿ ನೀನು ಮಾತಾಡಿದ್ದು ನನಗೆ ಕಿವಿ ನೆಟ್ಟಗಿದ್ದಾಗಲೂ ಕೇಳ್ತಿರಲಿಲ್ಲ. ಕಾಗದದಲ್ಲಿ ಮಾತ್ರ ಗಂಟಲು ದೊಡ್ಡದು ನಿಂದು. ಸಂತೋಷ.

ಗಾಡಿ ಮುಟ್ಟಬೇಡ. ಇಪ್ಪತ್ತೆಂಟು ವರ್ಷ ಬಾಡಿಗೆಗೆ ಓಡಿಸಿದೆ, ಅದರಲ್ಲಿ ಆ ಗಾಡಿ ಕೊನೇದು. ಕಿವಿ ಹೋಯ್ತು ಅಂತ ನನ್ನ ಲೈಸೆನ್ಸು ಕಿತ್ತುಕೊಂಡ ದಿನವೇ ಅದನ್ನ ನನ್ನ ಮಗನಿಗೆ ಕೊಟ್ಟೆ. ಅವನು ದೂರದ ಕೆಲಸಕ್ಕೆ ಹೋಗಿದ್ದಾನೆ, ಕೆಲಸ ಮುಗಿದ ಮೇಲೆ ಬರ್ತಾನೆ. ಬಂದಾಗ ಅವನ ಗಾಡಿ ಇದ್ದ ಹಾಗೇ ಇರಬೇಕು. ರಕ್ತದ ಬಾಟಲಿ ಹೊತ್ತು ಊರೆಲ್ಲ ತಿರುಗಿದ ಗಾಡಿ ಅವನಿಗೆ ಕೊಡ್ತೀಯಾ?

ಅವನು ಆರಾಮಾಗಿದ್ದಾನೆ. ಅಷ್ಟು ತಿಳ್ಕೊಂಡ್ರೆ ಸಾಕು.

ಬೇರೆ ಕೆಲಸ ಹುಡುಕು. ಹುಡುಕಿದರೆ ಸಿಗುತ್ತೆ. ನಾನೂ ಬರ್ತೀನಿ ಬೇಗ. ಈ ಮನೆ ದಿಬ್ಬದ ಮೇಲಿದೆ, ಹತ್ತಿ ಇಳಿದು ಮಂಡಿ ಹೋಯ್ತು. ಮೊಮ್ಮಕ್ಕಳು ನನ್ನ ಹತ್ರ ಕಿರುಚಿ ಕಿರುಚಿ ಮಾತಾಡ್ತಾವೆ, ಕೇಳಿಸದಿದ್ರೂ ತಲೆ ನೋಯುತ್ತೆ. ಇಲ್ಲಿ ಸುಖ ಏನಿಲ್ಲ.

ತೊಳೆಯೋದು ಮಾತ್ರ ಬಿಡಬೇಡ.

ಅತ್ತೆ


ಮಾರ್ಚ್ 21

ಅತ್ತೆ,

ನೀವು ಬೇಡ ಅಂದ ಕಾಗದ ಬಂದಾಗ ಆಗಬೇಕಾದ್ದು ಆಗಿಹೋಗಿತ್ತು. ಬೈಯಿರಿ. ಮೊದಲು ಓದಿ, ಆಮೇಲೆ ಬೈಯಿರಿ.

ಲ್ಯಾಬಿನ ಡ್ರೈವರ್ ತನ್ನ ಬ್ಯಾಟರಿ ತಂದು ಕೊಟ್ಟ. ಹಳೆಯ ಪೆಟ್ರೋಲು ಬಸಿದು ಹೊಸದು ಹಾಕಿದೆವು. ಎಂಜಿನ್ನು ಸ್ವಲ್ಪ ಕೆಮ್ಮಿ ಎದ್ದುಕೊಂಡಿತು. ನನಗೆ ಆ ಸದ್ದು ಕೇಳಿ ಅಳು ಬಂತು, ಯಾಕೋ ಗೊತ್ತಿಲ್ಲ. ಹ್ಯಾಂಡ್ ಬ್ರೇಕ್ ಇಳಿಸಿ, ಒಂದನೇ ಗೇರು ಹಾಕಿ, ನೀವು ಕಲಿಸಿದ ಹಾಗೆ ಮೆಲ್ಲಗೆ ಕ್ಲಚ್ಚು ಬಿಟ್ಟೆ. ಗಾಡಿಯ ಹಿಂಭಾಗ ಕುಕ್ಕರಗಾಲಲ್ಲಿ ಕೂತಂತೆ ಕೆಳಗಿಳಿಯಿತು. ಅಷ್ಟೆ. ಎಂಜಿನ್ನು ಆಫಾಯಿತು. ಮತ್ತೆ ಹಾಕಿದರೂ ಅದೇ.

ಪಕ್ಕದ ಮನೆಯ ಬಡಗಿ ಗೋಡೆಯ ಮೇಲಿಂದ ನೋಡುತ್ತಿದ್ದವನು, "ಇದೇನ್ ಮಹಾ ಬಿಡಿ ತಂಗಿ" ಎಂದು ತನ್ನ ಮರದ ಲಾರಿಗೆ ಹಗ್ಗ ಕಟ್ಟಿ ಎಳೆಸಿದ. ಚಕ್ರ ತಿರುಗಲಿಲ್ಲ. ಗಾಡಿ ಹಾಗೆಯೇ ತೆವಳಿಕೊಂಡು ಹೋಯಿತು, ಅಂಗಳದ ಕಲ್ಲಿನ ಮೇಲೆ ಎರಡು ಕರಿ ಗೆರೆ ಎಳೆದು. ಗೇಟಿನ ಹತ್ತಿರ ಹಗ್ಗ ಕಿತ್ತುಹೋಯಿತು. ಈಗ ಗಾಡಿ ಅರ್ಧ ಒಳಗೆ, ಅರ್ಧ ಬೀದಿಯಲ್ಲಿ. ಗೇಟು ಹಾಕಲು ಆಗುವುದಿಲ್ಲ. ಪೇಪರಿನವನು, ಸ್ಕೂಲು ಮಕ್ಕಳು, ಎದುರು ಮನೆಯ ಮೇಷ್ಟ್ರು ಎಲ್ಲರೂ ಸುತ್ತಿಕೊಂಡು ಹೋಗುತ್ತಾರೆ, ಹೋಗುವಾಗ ನನ್ನನ್ನು ಒಮ್ಮೆ ನೋಡುತ್ತಾರೆ.

ಬೇರೆ ಕೆಲಸ ಹುಡುಕು ಅಂದಿರಿ. ಹುಡುಕಿದೆ ಅತ್ತೆ. ಸಾಕಾಗಿದೆ. ದಿನಾ ನಿಂತು ನಿಂತು ಕಾಲು ಬಾತಿದೆ, ಮನೆಗೆ ಬಂದರೆ ಈ ಗಾಡಿ ಬಾಗಿಲಿಗೆ ಅಡ್ಡ ನಿಂತಿದೆ. ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಏನು ಮಾಡಲಿ ಹೇಳಿ.

ಸೊಸೆ


ಮಾರ್ಚ್ 28

ಏ ಪಿಸುಮಾತಿನವಳೇ,

ಹಗ್ಗ ಕಟ್ಟಿ ಎಳೆದ ಆ ಬಡಗಿಗೆ ಹೇಳು, ಗಾಡಿ ಮರದ ದಿಮ್ಮಿ ಅಲ್ಲ ಅಂತ. ಊರಿಗೆಲ್ಲ ಬುದ್ಧಿ ಹೇಳೋನು, ಅವನ ಮನೆ ಕದ ಇವತ್ತಿಗೂ ನೆಟ್ಟಗೆ ಮುಚ್ಚಲ್ಲ.

ಹೇಳದೆ ಕೇಳದೆ ಗಾಡಿ ತೆಗೆದದ್ದು ತಪ್ಪೇ. ಆದರೆ ಬೀದಿಗೆ ಅಡ್ಡ ಬಿಟ್ಟಿರೋಕೂ ಆಗಲ್ಲ. ವಾಪಸು ಒಳಗೆ ತಳ್ಳೋದಕ್ಕಾದ್ರೂ ಬ್ರೇಕು ಬಿಡಿಸಲೇಬೇಕು. ಅದಕ್ಕೆ ಬರೀತಿದ್ದೀನಿ. ಒಳಗೆ ಹಾಕೋದಕ್ಕೆ. ಲ್ಯಾಬಿಗೆ ಹೋಗೋದಕ್ಕಲ್ಲ, ತಿಳೀತಾ?

ನಿನ್ನ ಹಿಂದಿನ ಕಾಗದ ತೆಗೆದು ಮತ್ತೆ ಓದಿದೆ. ಭಾನುವಾರ ಭಾನುವಾರ ಪೈಪಲ್ಲಿ ಚಕ್ರಕ್ಕೆ ನೀರು ಬಿಟ್ಟು, ಒದ್ದೆ ಇರೋವಾಗ್ಲೇ ಹ್ಯಾಂಡ್ ಬ್ರೇಕ್ ಎಳೆದು, ಇಂಚೂ ಅಲ್ಲಾಡಿಸದೆ ನಿಲ್ಲಿಸಿದ್ದೀಯ. ಚಕ್ರದ ಒಳಗಿನ ಡ್ರಮ್ಮಿಗೆ ತುಕ್ಕು ಹಿಡಿದು, ಅದನ್ನ ಒತ್ತಿ ಹಿಡಿಯೋ ಬ್ರೇಕ್ ಶೂ ಅಂಟಿಕೊಂಡಿರುತ್ತೆ, ಇನ್ನೇನಾಗುತ್ತೆ. ಆದ್ರೆ ತೊಳಿ ಅಂದವಳು ನಾನೇ. ನಾನು ದಿನಾ ತೊಳೀತಿದ್ದೆ, ತೊಳೆದು ತಕ್ಷಣ ಬಾಡಿಗೆಗೆ ಹೋಗ್ತಿದ್ದೆ. ಓಡೋ ಗಾಡಿಯಲ್ಲಿ ನೀರು ಎಲ್ಲಿ ನಿಲ್ಲುತ್ತೆ? ನಿಂತ ಗಾಡಿ ನೋಡ್ಕೊಳ್ಳೋದು ಹೇಗೆ ಅಂತ ನನಗೆ ಗೊತ್ತೇ ಇರಲಿಲ್ಲ ಕಣೆ. ಜನ್ಮದಲ್ಲಿ ಗಾಡಿ ನಿಲ್ಲಿಸಿ ಇಟ್ಟವಳಲ್ಲ ನಾನು.

ಹೋಗ್ಲಿ, ಈಗ ಕೇಳು. ಹ್ಯಾಂಡ್ ಬ್ರೇಕ್ ಪೂರ್ತಿ ಕೆಳಗಿರಲಿ. ಒಂದನೇ ಗೇರು ಹಾಕಿ ಒಂಚೂರು ಮುಂದೆ, ರಿವರ್ಸು ಹಾಕಿ ಒಂಚೂರು ಹಿಂದೆ. ಜೋರು ಮಾಡಬೇಡ, ತೊಟ್ಟಿಲು ತೂಗಿದ ಹಾಗೆ. ಒಂದೊಂದೇ "ಟಕ್" ಅಂತ ಬಿಡುತ್ತೆ. ಮುಂದಿನವು ಅಷ್ಟರಲ್ಲೇ ಬಿಡುತ್ತವೆ. ಹಿಂದಿನವು ಬಿಡದಿದ್ರೆ ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದೆ ಜಾಕ್ ಹಾಕಿ, ಚಕ್ರ ಬಿಚ್ಚು. ಡ್ರಮ್ಮಿನ ಸುತ್ತ ತಟ್ಟು. ಕಬ್ಬಿಣದ ಸುತ್ತಿಗೆ ಬೇಡ, ಒಡೆದುಬಿಡ್ತೀಯ. ಆ ಬಡಗಿ ಹತ್ರ ಮರದ ಕೊಡತಿ ಇರುತ್ತೆ ನೋಡು, ಅವನಿಂದ ಅಷ್ಟಾದ್ರೂ ಉಪಯೋಗ ಆಗಲಿ. ಎಣ್ಣೆ ಗಿಣ್ಣೆ ಒಳಗೆ ಸುರೀಬೇಡ, ಆಮೇಲೆ ಬ್ರೇಕೇ ಹಿಡಿಯಲ್ಲ. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ತಲೆ ಇಡಬೇಡ. ದಿಮ್ಮಿ ಕೊಡು.

ಏನಾಯ್ತು ಅಂತ ತಕ್ಷಣ ಬರಿ.

ಅತ್ತೆ


ಏಪ್ರಿಲ್ 6

ಅತ್ತೆ,

ನಾಲ್ಕರಲ್ಲಿ ಮೂರು ಬಿಟ್ಟವು.

ಮುಂದಿನ ಎರಡು ತೊಟ್ಟಿಲು ತೂಗಿದ್ದಕ್ಕೇ ಬಿಟ್ಟವು. ಟಕ್ ಅಂತ ಅಂದಾಗ ಬಡಗಿ ನನಗಿಂತ ಹೆಚ್ಚು ಕುಣಿದ. ಹಿಂದಿನ ಬಲಗಡೆಯದಕ್ಕೆ ಕೊಡತಿ ಬೇಕಾಯಿತು. ಸುತ್ತ ತಟ್ಟಿ, ತಟ್ಟಿ, ತೋಳು ಬಿದ್ದುಹೋಗುವ ಹೊತ್ತಿಗೆ ಒಳಗಿಂದ ತುಕ್ಕಿನ ಪುಡಿ ಸುರಿದು ಡ್ರಮ್ಮು ಸಡಿಲವಾಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕೈಯೆಲ್ಲ ಕಪ್ಪು. ಮಾರನೆಯ ದಿನ ಲ್ಯಾಬಿನಲ್ಲಿ ಕೊಳವೆ ತೊಳೆಯಲು ಬಿಡಲಿಲ್ಲ, ಮೊದಲು ಕೈ ತೊಳೆದುಕೊಂಡು ಬಾ ಅಂದರು.

ಬಡಗಿ ನಿಮ್ಮ ಕಾಗದದಲ್ಲಿ ತನ್ನ ಬಗ್ಗೆ ಬರೆದದ್ದನ್ನು ಓದಿಸಿಕೊಂಡ. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನಿಮ್ಮನೇಲಿ ಇಬ್ರಿಗೂ ಒಟ್ಟಿಗೇ ಬಂದಿದೆ, ನಂಗೆ ಮಾತ್ರ ಕಷ್ಟಕಾಲ" ಅಂದ. ಕದ ಮಾತ್ರ ಇನ್ನೂ ಸರಿ ಮಾಡಿಕೊಂಡಿಲ್ಲ.

ಎಡಗಡೆಯ ಹಿಂದಿನ ಚಕ್ರ ಜಪ್ಪಯ್ಯ ಅಂದರೂ ಬಿಡುತ್ತಿಲ್ಲ. ಎಷ್ಟು ತಟ್ಟಿದರೂ ಡ್ರಮ್ಮು ಬರುವುದಿಲ್ಲ. ಕೈಯಲ್ಲಿ ತಿರುಗಿಸಿದರೆ ಎರಡು ಬೆರಳಿನಷ್ಟು ಹೋಗುತ್ತದೆ, ಆಮೇಲೆ ಯಾರೋ ಒಳಗಿಂದ ಹಿಡಿದುಕೊಂಡಂತೆ ನಿಲ್ಲುತ್ತದೆ. ತುಕ್ಕಿಗೆ ಅಂಟಿದ್ದರೆ ಎರಡು ಬೆರಳೂ ಹೋಗಬಾರದಲ್ಲವೇ? ಬೀದಿ ಕೊನೆಯ ಮೆಕ್ಯಾನಿಕ್ ಬಂದು ನೋಡಿ, ಗುಜರಿಗೆ ಹಾಕಿಬಿಡಿ ಎಂದು ಹೋದ. ಎರಡನೇ ಸಲ ಕರೆದರೆ ಬರಲಿಲ್ಲ.

ಮೇ ಒಂದಕ್ಕೆ ಇನ್ನು ಒಂದು ತಿಂಗಳೂ ಇಲ್ಲ. ಮೇಲ್ವಿಚಾರಕಿ ದಿನಾ ಕೇಳುತ್ತಾರೆ. ದಿನಾ ಆಯಿತು ಆಯಿತು ಅನ್ನುತ್ತೇನೆ. ಒಳಗೆ ತಳ್ಳುವುದಕ್ಕೆ ಅಂತ ನೀವು ಬರೆದಿರಿ, ನಾನು ಹೂಂ ಅನ್ನಲಾರೆ ಅತ್ತೆ. ಬಿಟ್ಟರೆ ಹೊರಗೇ ತೆಗೆಯುತ್ತೇನೆ. ಆಮೇಲೆ ನೀವು ಏನು ಬೇಕಾದರೂ ಅನ್ನಿ.

ಇವರಿಂದ ಕಾಗದ ಬಂತೇ?

ಸೊಸೆ


ಏಪ್ರಿಲ್ 17

ಸೊಸೆಗೆ,

ಬರೆಯುವುದು ತಡವಾಯಿತು. ಇಲ್ಲಿಯ ಒಬ್ಬ ಮೆಕ್ಯಾನಿಕ್ಕನ್ನು ಕೇಳಿದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ.

ತಟ್ಟಿದರೆ ಅದು ಬರುವುದಿಲ್ಲ. ಚಕ್ರದ ಹಿಂದೆ ತಗಡಿನಲ್ಲಿ ಒಂದು ತೂತು ಇದೆ, ಅದಕ್ಕೆ ರಬ್ಬರಿನ ಮುಚ್ಚಳ. ಮುಚ್ಚಳ ತೆಗೆದು ಸ್ಕ್ರೂಡ್ರೈವರ್ ಹಾಕಿದರೆ ಒಳಗೆ ಹಲ್ಲಿನ ಚಕ್ರ ಸಿಗುತ್ತದೆ. ಮೇಲಿನಿಂದ ಕೆಳಕ್ಕೆ ಒಂದೊಂದೇ ಹಲ್ಲು ತಿರುಗಿಸಬೇಕು. ಶೂ ಎರಡೂ ಒಳಕ್ಕೆ ಸರಿಯುತ್ತವೆ, ಡ್ರಮ್ಮು ಕೈಗೆ ಬರುತ್ತದೆ. ಚಿತ್ರ ಬಿಡಿಸಿ ಇಟ್ಟಿದ್ದೇನೆ, ನೋಡು.

ಡ್ರಮ್ಮು ತೆಗೆದ ಮೇಲೆ ಮೇಲುಗಡೆ ನೋಡು. ಶೂಗಳನ್ನು ವಾಪಸು ಎಳೆಯುವ ಸ್ಪ್ರಿಂಗ್ ಅಲ್ಲಿ ಇಲ್ಲ. ಅದರ ಜಾಗದಲ್ಲಿ ನೀಲಿ ತಂತಿ ಸುತ್ತಿದೆ. ತಂತಿ ಎಳೆಯುವುದಿಲ್ಲ, ಅದಕ್ಕೇ ಶೂ ಡ್ರಮ್ಮಿಗೆ ಕಚ್ಚಿಕೊಂಡೇ ನಿಂತಿದೆ. ಅದನ್ನು ಕಿತ್ತು ಹಾಕು. ಬಲಗಡೆಯ ಸ್ಪ್ರಿಂಗ್ ಬಿಚ್ಚಿ ಅಂಗಡಿಗೆ ಒಯ್ದು ಅಂಥದ್ದೇ ಜೋಡಿ ತಂದು ಎರಡೂ ಕಡೆ ಹೊಸದು ಹಾಕು. ಹಳೆಯ ಬ್ರೇಕ್ ಎಣ್ಣೆ ಬಸಿದು ಹೊಸದು ತುಂಬಿಸು. ಪೆಡಲ್ಲು ಕಾಲಿಗೆ ಕಲ್ಲಿನ ಹಾಗೆ ಗಟ್ಟಿ ಸಿಗುವವರೆಗೆ ಗಾಡಿಯನ್ನು ರಸ್ತೆಗೆ ತೆಗೆಯಬೇಡ. ಆಣೆ ಮಾಡಿ ಹೇಳುತ್ತಿದ್ದೇನೆ, ತೆಗೆಯಬೇಡ.

ಅವನಿಂದ ಕಾಗದ ಬಂದಿಲ್ಲ.

ಹೊರಗೆ ತೆಗಿ. ಕೆಲಸಕ್ಕೆ ಹೋಗು.

ಅತ್ತೆ


ಏಪ್ರಿಲ್ 26

ಅತ್ತೆಯವರಿಗೆ,

ಚಕ್ರ ತಿರುಗಿತು.

ತೂತು, ಹಲ್ಲಿನ ಚಕ್ರ, ಎಲ್ಲ ನೀವು ಬರೆದ ಹಾಗೇ ಇತ್ತು. ಡ್ರಮ್ಮು ಕೈಗೆ ಬಂತು. ಮೇಲುಗಡೆ ನೀಲಿ ತಂತಿಯೂ ಇತ್ತು. ಸ್ಪ್ರಿಂಗ್ ಜೋಡಿ ತಂದೆ, ಕೊಕ್ಕೆಗೆ ಎಳೆದು ಸಿಕ್ಕಿಸುವಾಗ ಎರಡು ಸಲ ಜಾರಿ ಬೆರಳು ಕುಯ್ದುಕೊಂಡೆ. ಬಡಗಿಯ ಹೆಂಡತಿ ಪೆಡಲ್ಲು ಒತ್ತಿದರು, ನಾನು ಕೆಳಗೆ ಎಣ್ಣೆ ಬಿಟ್ಟೆ. ಹಳೆಯ ಎಣ್ಣೆ ಕಪ್ಪು ಕಷಾಯ. ಈಗ ಪೆಡಲ್ಲು ಗಟ್ಟಿ ಇದೆ. ನಿನ್ನೆ ಬೀದಿಯ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದೆ. ಎದುರು ಮನೆಯ ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಈಗ ಒಂದು ಮಾತು ಕೇಳುತ್ತೇನೆ.

ಆ ತಂತಿ ನನ್ನ ಬಟ್ಟೆಯ ಹ್ಯಾಂಗರಿನದು. ಇವರು ಊರು ಬಿಡುವ ಹಿಂದಿನ ವಾರ ಆ ಚಕ್ರ ಬಿಚ್ಚಿಕೊಂಡು ಕೂತಿದ್ದರು. ನೀವು ಆಗ ಮನೆಯಲ್ಲಿರಲಿಲ್ಲ, ನಾದಿನಿಯ ಬಾಣಂತನಕ್ಕೆ ಹೋಗಿದ್ದಿರಿ. "ಒಂದು ಹ್ಯಾಂಗರ್ ಕೊಡು" ಅಂದರು. ನಾನು ಬೀರುವಿನಿಂದ ನೀಲಿಯದನ್ನು ತೆಗೆದು ಕೊಟ್ಟೆ. ಯಾಕೆ ಅಂದರೆ "ನಾಳೆ ಸರಿಯಾದ್ದು ತಂದು ಹಾಕ್ತೀನಿ, ಇವತ್ತಿಗೆ ಸಾಕು" ಅಂದರು. ಏನಕ್ಕೆ ಕಟ್ಟಿದರು ಎಂದು ಕೊಟ್ಟ ನನಗೇ ಗೊತ್ತಿರಲಿಲ್ಲ. ಮೊನ್ನೆ ಡ್ರಮ್ಮು ತೆಗೆದಾಗಲೇ ಗೊತ್ತಾದದ್ದು.

ಈ ಬೀದಿಯನ್ನೇ ಕಾಣದ ನಿಮ್ಮ ಆ ಮೆಕ್ಯಾನಿಕ್ಕಿಗೆ ಅದು ನೀಲಿ ಎಂದು ಹೇಗೆ ಗೊತ್ತಾಯಿತು?

ಇವರು ಎಲ್ಲಿದ್ದಾರೆ ಅತ್ತೆ?

ಸೊಸೆ


ಮೇ 3

ಮಗಳೇ,

ಇಲ್ಲೇ ಇದ್ದಾನೆ. ಈ ಮನೆಯಿಂದ ಬಸ್ಸಿನಲ್ಲಿ ಎರಡು ಸ್ಟಾಪು.

ಸುತ್ತಿ ಬಳಸಿ ಬರೆಯೋ ಶಕ್ತಿ ಇಲ್ಲ, ನೆಟ್ಟಗೆ ಹೇಳಿಬಿಡ್ತೀನಿ. ಅವನಿಗೆ ಇಲ್ಲಿ ಒಂದು ಸಂಸಾರ ಇದೆ. ಒಂದು ಹೆಣ್ಣು ಮಗು, ಈಗ ನಡೆಯುತ್ತೆ. ನನ್ನದೇ ಮೂಗು, ಏನು ಮಾಡ್ಲಿ. ಅವನು ಇಲ್ಲಿದ್ದಾನೆ ಅಂತ ಮಗಳು ಹೇಳಿದ ಮೇಲೆ, ಕಿವಿ ಹಿಡಿದು ಎಳ್ಕೊಂಡು ಬರ್ತೀನಿ ಅಂತ ಹೊರಟು ಬಂದವಳು ನಾನು. ನಿನಗೆ ಮಗಳನ್ನ ನೋಡೋಕೆ ಹೋಗ್ತೀನಿ ಅಂದೆ. ಅವನ ಬಾಗಿಲಿಗೆ ಹೋದೆ. ಅವನು ಜಗಳ ಆಡಲಿಲ್ಲ, ಬಾಗಿಲೂ ಹಾಕಲಿಲ್ಲ. ಕಾಫಿ ಕೊಟ್ಟ. ಆ ಲೋಟ ಹಾಗೇ ಇಟ್ಟು, ಇನ್ನು ಈ ಹೊಸಲು ತುಳಿಯೋದಿಲ್ಲ ಅಂತ ಹೇಳಿ ಇಳಿದು ಬಂದೆ.

ಆಮೇಲೆ ನಿನ್ನ ಮುಂದೆ ಬಂದು ನಿಂತು ಏನಂತ ಹೇಳಲಿ? ಇವತ್ತು ಬರ್ತೀನಿ, ನಾಳೆ ಬರ್ತೀನಿ ಅಂತ ಎರಡು ವರ್ಷ ಆಯ್ತು. ಅವನೇ ಬುದ್ಧಿ ಬಂದು ವಾಪಸು ಹೋದರೆ ಏನೂ ಹೇಳೋದೇ ಬೇಡವಲ್ಲ ಅಂತಾನೂ ಅಂದ್ಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಹೇಳಲ್ಲ ಜನ.

ಎಡಗಡೆ ಚಕ್ರ ಎರಡು ಬೆರಳು ತಿರುಗಿ ನಿಲ್ಲುತ್ತೆ ಅಂತ ನೀನು ಬರೆದೆಯಲ್ಲ, ಅದು ತುಕ್ಕಲ್ಲ ಅಂತ ನನಗೆ ಗೊತ್ತಾಯ್ತು. ಒಳಗೆ ಏನೋ ಕೆಟ್ಟಿದೆ. ಏನು ಅಂತ ಗೊತ್ತಿಲ್ಲದೆ ನೀನು ಅದನ್ನ ಹೇಗೋ ಬಿಡಿಸಿ ರಸ್ತೆಗೆ ತೆಗೆದು, ಎಲ್ಲಾದ್ರೂ ಇಳಿಜಾರಲ್ಲಿ ಬ್ರೇಕು ಹಿಡೀದೆ ಹೋದ್ರೆ? ಮೂರು ದಿನ ನಿದ್ದೆ ಬರಲಿಲ್ಲ. ನಾನು ಗಾಡಿ ಬಿಟ್ಟ ಮೇಲೆ ಅದನ್ನ ಬಿಚ್ಚಿದ್ರೆ ಅವನೇ ಬಿಚ್ಚಿರಬೇಕು. ಹೋದೆ. ಹೊಸಲು ತುಳಿಯಲ್ಲ ಅಂದಿದ್ದೆನಲ್ಲ, ಮೆಟ್ಟಿಲ ಕೆಳಗೆ ನಿಂತೇ ಕೇಳಿದೆ. ಅವನು ತಲೆ ಕೆರ್ಕೊಂಡು, ಕಾಗದದ ಮೇಲೆ ಬರೆದು ತೋರಿಸಿದ. ನೀಲಿ ತಂತಿ ಅಂತ ಬರೆಯುವಾಗ ಒಂದು ಸಲ ಕೈ ನಿಂತಿತು. ಚಿತ್ರ ನಾನು ನೋಡಿ ಬಿಡಿಸಿದೆ, ಅವನ ಅಕ್ಷರ ನಿನ್ನ ಕಣ್ಣಿಗೆ ಬೀಳಬಾರದು ಅಂತ.

ನೀನು ಹೇಗಿದ್ದೀಯ ಅಂತ ಅವನು ಕೇಳಲಿಲ್ಲ. ಸುಳ್ಳು ಯಾಕೆ ಹೇಳ್ಲಿ. "ಅವ್ಳು ಓಡಿಸ್ತಾಳಾ?" ಅಂತ ಮಾತ್ರ ಕೇಳಿದ, ತುಟಿ ನೋಡಿ ಗೊತ್ತಾಯ್ತು. ನಿನಗಿಂತ ಚೆನ್ನಾಗಿ ಓಡಿಸ್ತಾಳೆ, ಕೆಲಸ ಅರ್ಧಕ್ಕೆ ಬಿಟ್ಟು ಹೋಗೋದಿಲ್ಲ ಅಂದೆ. ಜೋರಾಗಿ ಅಂದೆ ಅನ್ಸುತ್ತೆ, ಪಕ್ಕದ ಮನೆಯವರು ಹೊರಗೆ ಬಂದರು.

ಗಾಡಿ ನಿಂದು. ಅವನಿಗೆ ಕೊಟ್ಟದ್ದು ವಾಪಸು ತಗೊಂಡೆ ಅಂತ ಅವನಿಗೂ ಹೇಳಿ ಬಂದೆ.

ಅತ್ತೆ


ಮೇ 20

ಪಿಸುಮಾತಿನವಳೇ,

ಕಾಗದ ಇಲ್ಲ. ಪೋಸ್ಟಿನವನು ಬರುವ ಹೊತ್ತಿಗೆ ದಿಬ್ಬ ಇಳಿದು ನಿಲ್ತೀನಿ. ಅವನು ನನ್ನನ್ನ ನೋಡಿ ದೂರದಿಂದಲೇ ಕೈ ಆಡಿಸ್ತಾನೆ, ಇಲ್ಲ ಅಂತ.

ಕೆಲಸಕ್ಕೆ ಹೋಗ್ತಿದ್ದೀಯಾ? ಬ್ರೇಕ್ ಹಿಡೀತಾ? ಎಣ್ಣೆ ಸೋರ್ತಿಲ್ಲ ತಾನೆ? ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ಚಕ್ರದ ಒಳಗಡೆ ಒಂದು ಸಲ ಬಗ್ಗಿ ನೋಡು.

ಬೈದಾದ್ರೂ ಬರಿ. ಬೈಯೋಕೂ ಮನಸ್ಸಿಲ್ಲದಿದ್ರೆ ಖಾಲಿ ಹಾಳೆ ಹಾಕಿ ಕಳ್ಸು. ಕವರಿನ ಮೇಲೆ ನಿನ್ನ ಅಕ್ಷರ ಇದ್ದರೆ ಸಾಕು ನನಗೆ.

ಅತ್ತೆ


ಮೇ 29

ಅತ್ತೆ,

ಎಣ್ಣೆ ಸೋರುತ್ತಿಲ್ಲ. ಬ್ರೇಕ್ ಹಿಡಿಯುತ್ತದೆ. ಒಂದನೆಯ ತಾರೀಕಿನಿಂದ ಹೋಗುತ್ತಿದ್ದೇನೆ.

ಬರೆಯಲಿಲ್ಲ ಯಾಕೆಂದರೆ ಸಿಟ್ಟಿತ್ತು, ಸಿಟ್ಟು ಮಾಡಿಕೊಳ್ಳಲು ಹೊತ್ತಿರಲಿಲ್ಲ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೊರಡಬೇಕು. ಹಿಂದಿನ ಸೀಟಿನಲ್ಲಿ ಐಸಿನ ಡಬ್ಬಿ, ಅದರೊಳಗೆ ಊರ ಜನರ ರಕ್ತ. ಒಂದು ದವಾಖಾನೆಯಲ್ಲಿ ಲಿಫ್ಟು ಕೆಟ್ಟಿದೆ, ಇನ್ನೊಂದರಲ್ಲಿ ನರ್ಸಮ್ಮ ಚೀಟಿ ಅಂಟಿಸುವುದನ್ನು ಮರೆಯುತ್ತಾಳೆ. ಮನೆಗೆ ಬಂದರೆ ಚಪ್ಪಲಿ ಬಿಚ್ಚಲೂ ಆಗದಷ್ಟು ದಣಿವು. ಆದರೂ ಇದು ನಿಂತು ಬರುವ ದಣಿವಲ್ಲ. ನಿದ್ದೆ ಬರುತ್ತದೆ.

ಸಿಟ್ಟು ಇವರ ಮೇಲೆ ಅಂದುಕೊಂಡಿದ್ದೆ. ಅಲ್ಲ. ಇವರು ಬರುವುದಿಲ್ಲ ಎಂದು ನನಗೆ ಯಾವಾಗಲೋ ಗೊತ್ತಾಗಿತ್ತು. ನೀವೇ ಹೇಳುತ್ತೀರಿ ಅಂತ ಕಾಯುತ್ತಿದ್ದೆ. ಸಿಟ್ಟು ನಿಮ್ಮ ಮೇಲೆ. ಭಾನುವಾರ ಬಂದರೆ ಕೊಳವೆ ತೊಳೆದು ಬಿರಿದ ಕೈಯಲ್ಲೇ ಪೈಪು ಹಿಡಿದು ಆ ಗಾಡಿ ತೊಳೆಯುತ್ತಿದ್ದೆ. ಬರುವವರು ಯಾರೂ ಇಲ್ಲ ಎಂದು ನಿಮಗೆ ಆಗ ಗೊತ್ತಿತ್ತು. ಗೊತ್ತಿದ್ದೂ ತೊಳೆಯುವುದು ಬಿಡಬೇಡ ಅಂತ ಬರೆದಿರಿ. ಅದಕ್ಕೆ ಸಿಟ್ಟು. ಇನ್ನೂ ಇದೆ, ಸ್ವಲ್ಪ ದಿನ ಇರುತ್ತದೆ, ಅದನ್ನೇನೂ ಮುಚ್ಚಿಡುವುದಿಲ್ಲ.

ನಾನೂ ಒಂದು ಸುಳ್ಳು ಹೇಳಿದ್ದೆ. ಇವರ ಅಂಗಿಗಳಿಗೆ ನುಸಿಗುಳಿಗೆ ಇಟ್ಟಿಲ್ಲ. ಅಂಗಿಗಳೇ ಇಲ್ಲ. ಕಳೆದ ವರ್ಷವೇ ಎಲ್ಲ ಬಡಗಿಗೆ ಕೊಟ್ಟುಬಿಟ್ಟೆ. ಹಗ್ಗ ಕಟ್ಟಿ ಗಾಡಿ ಎಳೆದ ದಿನವೂ ಅವನು ನಿಮ್ಮ ಮಗನ ಚೌಕಳಿ ಅಂಗಿಯನ್ನೇ ಹಾಕಿದ್ದ. ನೀವು ಬಂದು ಬೀರು ತೆಗೆದರೆ ಏನು ಹೇಳುವುದು ಎಂದು ಹೆದರಿ, ನೀವು ಬರುವುದು ಇನ್ನೂ ತಡವಾಗಲಿ ಅಂದುಕೊಂಡದ್ದೂ ಉಂಟು. ಹೀಗೆ ನೀವು ಅಲ್ಲಿ, ನಾನು ಇಲ್ಲಿ. ನಮ್ಮಿಬ್ಬರಿಗೂ ಬುದ್ಧಿ ಎಲ್ಲಿ ಹೋಗಿತ್ತೋ.

ಮೆಟ್ಟಿಲ ಕೆಳಗೆ ನಿಂತು ಕೇಳಿದೆ ಅಂತ ಬರೆದಿರಲ್ಲ, ಆ ಸಾಲನ್ನು ಊಟಕ್ಕೆ ಕೂತಾಗ ಓದುತ್ತೇನೆ, ಆಮೇಲೆ ಮಡಿಚಿಡುತ್ತೇನೆ. ಅಷ್ಟೇ ಹೇಳಲು ಬರುವುದು ನನಗೆ.

ನಿಮ್ಮ ಕೋಣೆಯ ಕಿಟಕಿಯ ಕೊಂಡಿಯನ್ನು ಬಡಗಿಯಿಂದ ಸರಿ ಮಾಡಿಸಿದ್ದೇನೆ. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಜೂನ್ ಎಂಟಕ್ಕೆ ನನಗೆ ರಜ. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಅಲ್ಲಿರುತ್ತೇನೆ. ದಾರಿಯಲ್ಲಿ ಇವರ ಬೀದಿ ಸಿಗುತ್ತದೆ ಅಂತ ನಾದಿನಿ ಫೋನಿನಲ್ಲಿ ಹೇಳಿದಳು, ಬಳಸಿ ಬಾ ಅಂದಳು. ಬಳಸುವಷ್ಟು ತ್ರಾಣ ನನಗಿಲ್ಲ, ನೆಟ್ಟಗೇ ಬರುತ್ತೇನೆ. ಬಟ್ಟೆ ಕಟ್ಟಿಕೊಂಡು ತಯಾರಾಗಿರಿ. ಕೂತು ಮಾತಾಡಿ ಒಪ್ಪಿಸುವುದೆಲ್ಲ ನನ್ನ ಕೈಲಾಗದು, ಮಾರನೆಯ ದಿನ ಕೆಲಸವಿದೆ.

ಆ ಮನೆ ದಿಬ್ಬದ ಮೇಲಿದೆ ಅಂದಿದ್ದಿರಿ. ಗೇಟಿನ ಹತ್ತಿರ ಒಂದು ಒಳ್ಳೆಯ ಕಲ್ಲು ತೆಗೆದಿಡಿ, ಚಕ್ರಕ್ಕೆ ಕೊಡಲು. ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ ನಾನು.

ನಿಮ್ಮ ಸೊಸೆ